ಹಗೆಯ ಹೆಣಕ್ಕೂ ಮರ್ಯಾದೆ: ಕನ್ನಡಕ್ಕೆ ಬಂದ ಗ್ರೀಕ್ ರುದ್ರನಾಟಕ

ಬೆಂಗಳೂರಿನ ಸಿಂಗಸಂದ್ರದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಬೇಗೂರು. ಅಲ್ಲಿ ಸಿಕ್ಕ ಗಂಗರ ಕಾಲದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ಕಲ್ಲು ಅದು. ತನಗಾಗಿ ಸತ್ತವನಿಗೆ ಕಲ್ಲು ನಿಲ್ಲಿಸುವುದನ್ನು ಈ ನಾಡು ಚೆನ್ನಾಗಿ ಬಲ್ಲದು. ಆದರೆ ಎದುರು ನಿಂತು ಸತ್ತವನಿಗೆ ಸಲ್ಲಬೇಕಾದದ್ದೇನು? ಈ ಪ್ರಶ್ನೆಯನ್ನು ಮಡಿಲಲ್ಲಿಟ್ಟುಕೊಂಡೇ ಕನ್ನಡ ಗ್ರೀಕ್ ನಾಟಕದ ಬಳಿಗೆ ಹೋಯಿತು ಎಂಬುದು ನನ್ನ ವಾದ. ಈಸ್ಕಿಲಸ್, ಸೊಫೋಕ್ಲಿಸ್, ಯೂರಿಪಿಡೀಸ್ ಮೂವರದ್ದೂ ಸೇರಿ ಇಂದಿಗೆ ಉಳಿದಿರುವುದು ಮೂವತ್ತಕ್ಕೆ ತುಸು ಮೇಲ್ಪಟ್ಟ ರುದ್ರನಾಟಕಗಳು. ಅವುಗಳಲ್ಲಿ ಕನ್ನಡದ ದೊಡ್ಡ ಲೇಖಕರು ಕೈಗೆತ್ತಿಕೊಂಡವು ಯಾವುವೆಂದು ನೋಡಿದರೆ ಆ ಆಯ್ಕೆಯೇ ಸಾಕ್ಷಿ ನುಡಿಯುತ್ತದೆ.

ಅದಕ್ಕೂ ಮುಂಚೆ ಗ್ರೀಕ್ ನಾಟಕದೊಂದಿಗೆ ಕನ್ನಡದ ಹೆಸರು ತಳಕು ಹಾಕಿಕೊಂಡದ್ದು ಬೇರೆ ಬಗೆಯಲ್ಲಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ 413ನೆಯದು ಕ್ರಿ.ಶ. 2ನೆಯ ಶತಮಾನದ್ದು, 1903ರಲ್ಲಿ ಅಚ್ಚಾಯಿತು. ಅದರಲ್ಲೊಂದು ಪ್ರಹಸನ: ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಳ್ಳಲು ಅವಳ ಕಡೆಯವರು ಅಲ್ಲಿನ ದೊರೆಗೆ ಕುಡಿಸಿ ಮತ್ತೇರಿಸುತ್ತಾರೆ. ಆ ದೊರೆ ಮತ್ತು ಅವನ ಪರಿವಾರದವರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡವೆಂದು ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಹೇಳಿದರು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಎತ್ತಿಹಿಡಿದರು. 1926ರಲ್ಲಿ ಬಾರ್ನೆಟ್ ಅಲ್ಲಗಳೆದರು. ಕನ್ನಡವೆಂಬ ಓದನ್ನು ಒಪ್ಪಲು ಮನಸ್ಸು ಎಳೆಯುತ್ತದೆ, ಆದರೆ ಭಾಷೆಯ ಚರಿತ್ರೆ ಬಿಡುವುದಿಲ್ಲ. ಅಲ್ಲಿ ಕಂಡರೆಂಬ ಪದಗಳಲ್ಲಿ ‘ಹಾಕಿ’ ಒಂದು. ಅಚ್ಚಗನ್ನಡ ಪದಗಳ ಮೊದಲ ಪಕಾರ ಹಕಾರವಾದದ್ದು ಹಲ್ಮಿಡಿ ಶಾಸನಕ್ಕೂ ಎಷ್ಟೋ ಶತಮಾನಗಳ ಈಚೆಗೆ. ಹಲ್ಮಿಡಿಗಿಂತಲೂ ಹಳೆಯ ಹಾಳೆಯಲ್ಲಿ ಅದು ಹೇಗೆ ಬಂದೀತು? ನುಡಿ ಯಾವುದೇ ಆಗಲಿ, ಆ ಪ್ರಹಸನಕ್ಕೆ ಪರನಾಡಿನವನ ಮಾತು ನಗೆಯ ಸರಕು. ಅದೇ ಗ್ರೀಕರಲ್ಲಿ ಪರನಾಡಿನವನ ಅಳುವಿಗೆ ಕಿವಿಗೊಟ್ಟ ರಂಗವೂ ಇತ್ತು.

ಆ ರಂಗವನ್ನು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ (‘ಶ್ರೀ’). 1926ರ ‘ಗದಾಯುದ್ಧ ನಾಟಕಂ’ನಲ್ಲಿ ಅವರು ರನ್ನನ ಕಾವ್ಯವನ್ನೇ ರುದ್ರನಾಟಕದ ಎರಕಕ್ಕೆ ಹೊಯ್ದರು; ಅದರ ನಡುವೆ ನಿಂತವನು ಬಿದ್ದ ದುರ್ಯೋಧನ. 1929ರ ‘ಅಶ್ವತ್ಥಾಮನ್’ಗೆ ಆಧಾರ ಸೊಫೋಕ್ಲಿಸನ ‘ಏಜಾಕ್ಸ್’. ಅಲ್ಲಿ ನಾಯಕ ನಾಟಕದ ನಡುವೆಯೇ ತನ್ನ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಉಳಿದರ್ಧವೆಲ್ಲ ಆ ಹೆಣವನ್ನು ಹೂಳಬೇಕೋ ಬೇಡವೋ ಎಂಬ ಜಗಳ. ಹೂಳಲೇಬೇಕೆಂದು ವಾದಿಸಿ ಗೆಲ್ಲುವವನು ಸತ್ತವನ ಕಡುವೈರಿ ಒಡಿಸ್ಯೂಸ್. 1935ರ ‘ಪಾರಸಿಕರು’ ಈಸ್ಕಿಲಸನ ನಾಟಕ. ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಗೆದ್ದ ಅಥೆನ್ಸಿನ ಜನರೆದುರು ಸೋತವರ ಅರಮನೆಯ ಗೋಳನ್ನು ಆಡಿ ತೋರಿಸಿದ ಕೃತಿ. ಮೂರರಲ್ಲೂ ಕಣ್ಣು ಬಿದ್ದ ಹಗೆಯ ಮೇಲೆ. ಇದನ್ನು ಆಕಸ್ಮಿಕ ಎನ್ನಲಾರೆ.

ಆಕ್ಷೇಪಗಳು ಬಂದವು. ಅಶ್ವತ್ಥಾಮ ಚಿರಂಜೀವಿ, ಅವನನ್ನು ಸಾಯಿಸುವುದೆಂದರೇನು? ಪುರಾಣದ ಲೆಕ್ಕದಲ್ಲಿ ಪ್ರಶ್ನೆ ಸರಿ. ಆದರೆ ಮಲಗಿದ್ದ ಮಕ್ಕಳನ್ನು ಕೊಂದವನಿಗೆ ಸಾವಿರಾರು ವರ್ಷ ಅಲೆಯುವ ಬಾಳು ಮಹಾಭಾರತ ಕೊಟ್ಟ ಶಾಪ. ಶ್ರೀಯವರು ಅವನಿಗೆ ಸಾವನ್ನು ಕೊಟ್ಟದ್ದರಲ್ಲಿ ನನಗೆ ಕಾಣುವುದು ಕರುಣೆ. ರುದ್ರನಾಟಕವೇ ನಮ್ಮದಲ್ಲವೆಂಬುದು ಇನ್ನೊಂದು ಮಾತು. ಹೆಸರಿಡಲು ಕನ್ನಡ ತಡಕಾಡಿದ್ದು ನಿಜ: ಶ್ರೀಯವರಿಗೆ ಅದು ರುದ್ರ, ಎಸ್.ವಿ. ರಂಗಣ್ಣನವರಿಗೆ ಗಂಭೀರ, ಪಾಠಪುಸ್ತಕಗಳಿಗೆ ದುರಂತ. ಹೆಸರು ಹೊಸದಾದರೂ ಅನುಭವ ಹೊಸದಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನ ಮುಂದೆ ಭಾಸ ‘ಊರುಭಂಗ’ದಲ್ಲಿ ತಲೆಬಾಗಿದ್ದ, ರನ್ನ ಅವನ ಛಲಕ್ಕೆ ಮನಸೋತಿದ್ದ. ಶ್ರೀಯವರು ಗ್ರೀಸಿಗೆ ಹೋಗಿ ಬಂದದ್ದು ರನ್ನನ ಮನೆಗೇ.

ಕಾವ್ಯದ ಕಡೆಯಿಂದ ಗ್ರೀಕ್ ಪ್ರಭಾವ ಬಂದದ್ದು ಹೆಚ್ಚಾಗಿ ಹೋಮರನಿಂದ. 1949ರಲ್ಲಿ ಬಂದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಮಹೋಪಮೆಗಳು ಆ ಮನೆತನದವು. ‘ಇಲಿಯಡ್’ ಮುಗಿಯುವುದು ಮಗನ ಹೆಣ ಬೇಡಲು ಕೊಂದವನ ಬಿಡಾರಕ್ಕೇ ಬಂದ ಮುದುಕ ಪ್ರಿಯಮನಿಂದ, ಹೆಕ್ಟರನ ಅಂತ್ಯಕ್ರಿಯೆಯಿಂದ. ಕುವೆಂಪು ಅವರ ರಾವಣನಿಗೂ ಉದ್ಧಾರವುಂಟು.

ನನ್ನ ವಾದಕ್ಕೆ ನಿಜವಾದ ತೊಡಕು ಪಿ. ಲಂಕೇಶರು ಕನ್ನಡಕ್ಕೆ ತಂದ ಸೊಫೋಕ್ಲಿಸನ ‘ದೊರೆ ಈಡಿಪಸ್’. 1970ರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಬಯಲಿನಲ್ಲಿ ಆಡಿಸಿದಾಗ ಅದು ಕನ್ನಡ ರಂಗಭೂಮಿಯ ದೊಡ್ಡ ಘಟನೆಯಾಯಿತು. ಅದರಲ್ಲಿ ಹಗೆಯ ಹೆಣವಿಲ್ಲ. ಪಿಡುಗಿನ ಮೂಲ ಹುಡುಕುತ್ತ ತನ್ನನ್ನೇ ಹಿಡಿದುಕೊಳ್ಳುವ ಅರಸನಿದ್ದಾನೆ. ಶ್ರೀಯವರಂತೆ ಲಂಕೇಶರೂ ಇಂಗ್ಲಿಷ್ ಮೇಷ್ಟರು. ಆದರೆ ಹಳಗನ್ನಡದ ಗಾಂಭೀರ್ಯವನ್ನು ಬದಿಗಿಟ್ಟು ಆಡುಮಾತಿನ ಬಿರುಸಿನಲ್ಲಿ ಬರೆದವರು. ಅವರ ಕಾಲಕ್ಕೆ ಬೇಕಾದದ್ದು ಅಧಿಕಾರದ ವಿಚಾರಣೆ ಎಂದು ಒಪ್ಪುತ್ತೇನೆ. ಆದರೂ ಈಡಿಪಸ್ ಜತೆ ಅವರು ತಂದ ಇನ್ನೊಂದು ನಾಟಕ ‘ಅಂತಿಗೊನೆ’. ತನ್ನೂರಿನ ಮೇಲೆಯೇ ದಂಡೆತ್ತಿ ಬಂದು ಸತ್ತ ಅಣ್ಣ. ಹೂಳಕೂಡದೆಂದು ದೊರೆ ಕ್ರಿಯೋನನ ಆಜ್ಞೆ. ಹಿಡಿ ಮಣ್ಣು ಹಾಕಿಯೇ ತೀರುವ ತಂಗಿ. ‘ಅಶ್ವತ್ಥಾಮನ್’ ಬಂದು ನಾಲ್ಕು ದಶಕ ಕಳೆದಿದ್ದರೂ, ನುಡಿ ಪೂರ್ತಿ ಬದಲಾಗಿದ್ದರೂ, ಕನ್ನಡದ ರಂಗದ ಮೇಲೆ ಮತ್ತೆ ಅದೇ ಹೆಣ ಮಲಗಿತ್ತು. ಈ ಸಲ ಅದರ ಪರವಾಗಿ ವಾದಿಸಿದವಳು ಒಬ್ಬ ಹುಡುಗಿ, ಮತ್ತು ಅವಳಿಗೆ ಒಡಿಸ್ಯೂಸನಂತೆ ಗೆಲುವು ಸಿಗಲಿಲ್ಲ.