ಕೋಟದ ಕರಾವಳಿಯೂ ಆಕಾಶವಾಣಿಯೂ

ಊರೊಂದರ ಚರಿತ್ರೆಯನ್ನು ಬರೆಯುವವರು ಅಲ್ಲಿನ ದೇವಾಲಯ, ಶಾಸನ, ಅರಸುಮನೆತನಗಳನ್ನು ಅರಸುವುದು ವಾಡಿಕೆ. ಊರಿನ ಮೇಲಣ ಆಕಾಶಕ್ಕೂ ಚರಿತ್ರೆಯುಂಟೆಂಬುದನ್ನು ನಾವು ಮರೆಯುತ್ತೇವೆ. ಕೋಟ, ಕುಂದಾಪುರ, ಬೈಂದೂರುಗಳಿಗೆ ಕನ್ನಡದ ಬಾನುಲಿಯು ಬಂದ ದಾರಿಯನ್ನು ಇಂದು ವಿಚಾರಿಸೋಣ.

ಮೂಲವನ್ನು ಕಾಣಲು ಘಟ್ಟವನ್ನೇರಿ ಮೈಸೂರಿಗೆ ಹೋಗಬೇಕು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ನಿಲಯವೊಂದನ್ನು ಆರಂಭಿಸಿದರು. ಪ್ರಸಾರಯಂತ್ರದ ಶಕ್ತಿ ಕೇವಲ 30 ವಾಟ್. ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು ಮಾತ್ರ! ಆ ನಿಲಯಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಸಮಸ್ತ ಭಾರತದ ರೇಡಿಯೋಗೂ ಸಂದಿತು. ನಿಲಯವು ತರುವಾಯ ಸಂಸ್ಥಾನದ ಆಡಳಿತಕ್ಕೂ, 1950ರಲ್ಲಿ ಭಾರತ ಸರ್ಕಾರಕ್ಕೂ ಸೇರಿತು.

ಆ ದಿನಗಳಲ್ಲಿ ಕೋಟವು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಭಾಷೆ ಒಂದೇ ಆದರೂ ನಡುವೆ ಪರ್ವತವೂ ಇತ್ತು, ಬೇರೊಂದು ಸರ್ಕಾರವೂ ಇತ್ತು. 1950ರಲ್ಲಿ ಧಾರವಾಡಕ್ಕೆ ನಿಲಯ ಬಂದಿತು. 1955ರಲ್ಲಿ ಮೈಸೂರಿನ ನಿಲಯವು ಬೆಂಗಳೂರಿಗೆ ತೆರಳಿತು. 1956ರಲ್ಲಿ ನಾಡು ಒಂದಾಯಿತು. ಕರಾವಳಿಯು ಮಾತ್ರ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. 1976ರ ಡಿಸೆಂಬರ್ 11ರಂದು ಮಂಗಳೂರು ನಿಲಯವು ಆರಂಭವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮಾತನಾಡುವ ಕೊಠಡಿಗಳು ಮಂಗಳೂರಿನ ಕದ್ರಿಯಲ್ಲಿ. ಆ ಮಾತನ್ನು ಆಕಾಶಕ್ಕೇರಿಸುವ ಮಧ್ಯಮ ತರಂಗದ ಸ್ತಂಭವನ್ನು ನಿಲ್ಲಿಸಿದುದು ಕೋಟದ ನೆರೆಯ ಬ್ರಹ್ಮಾವರದಲ್ಲಿ. ಮಧ್ಯಮ ತರಂಗಗಳು ಒಣನೆಲಕ್ಕಿಂತ ತೇವದ ನೆಲದ ಮೇಲೆ ಸುಗಮವಾಗಿ ಸಾಗುತ್ತವೆ. ಉಪ್ಪುನೀರಿನ ಮೇಲಂತೂ ಇನ್ನೂ ದೂರ ಹೋಗುತ್ತವೆ. 'ಇದು ಮಂಗಳೂರು' ಎಂದು ನುಡಿದ ದನಿಯು ಹೀಗೆ ನಮ್ಮ ಗದ್ದೆಬಯಲುಗಳ ಮಗ್ಗುಲಿಂದಲೇ ಹೊರಟು ಮನೆಗಳನ್ನು ಸೇರಿತು.

ಆದರೆ ಸ್ತಂಭವು ನೆರೆಯಲ್ಲಿ ನಿಂತ ಮಾತ್ರಕ್ಕೆ ನುಡಿಯು ನಮ್ಮದಾಗುವುದೇ? ಕೋಟದ ಸೀಮೆಗೆ ತನ್ನದೇ ಆದ ಆಡುಗನ್ನಡವುಂಟು; ಬಡಗುತಿಟ್ಟಿನ ಯಕ್ಷಗಾನವುಂಟು. ರೇಡಿಯೋ ವೇಷವನ್ನು ತೋರಿಸಲಾರದು, ಕುಣಿತವನ್ನು ಕಾಣಿಸಲಾರದು. ಭಾಗವತರ ಕಂಠ, ಮದ್ದಳೆಯ ನುಡಿತ, ಅರ್ಥಧಾರಿಯ ವಾಗ್ವಾದಗಳನ್ನು ಮಾತ್ರ ಕೊಡಬಲ್ಲದು. ವೇಷವಿಲ್ಲದ ತಾಳಮದ್ದಳೆಗೆ ಇದರಿಂದ ನಷ್ಟವೇನೂ ಇಲ್ಲ. ಅದು ಕಿವಿಗಾಗಿಯೇ ಹುಟ್ಟಿದ ಕಲೆ. ಪ್ರಾದೇಶಿಕ ನಿಲಯದ ಸಾರ್ಥಕ್ಯವು ಇಂಥಲ್ಲಿದೆ. ರಾಜಧಾನಿಯ ಸುದ್ದಿಯನ್ನು ಹಳ್ಳಿಗೆ ಮುಟ್ಟಿಸುವುದು ಅದರ ಅರ್ಧ ಕೆಲಸ. ಹಳ್ಳಿಯ ದನಿಯನ್ನು ನಾಡಿಗೆ ಕೇಳಿಸುವುದು ಉಳಿದರ್ಧ.

ಶಿಲೆಯ ಮೇಲಣ ಅಕ್ಷರವು ಸಾವಿರ ವರ್ಷ ನಿಲ್ಲುತ್ತದೆ. ಗಾಳಿಯ ಮೇಲಣ ಮಾತು ಆಡಿದ ಕ್ಷಣದಲ್ಲಿಯೇ ಕರಗುತ್ತದೆ. ಮುದ್ರಿಸಿ ಕಾಪಿಟ್ಟ ಧ್ವನಿಗಳೇ ಈ ಚರಿತ್ರೆಯ ಶಾಸನಗಳು. ಹಿರಿಯರ ಕಂಠವು ಅಡಗುವ ಮುನ್ನ ಅದನ್ನು ಹಿಡಿದಿಡುವುದು ನಮ್ಮೆಲ್ಲರ ಹೊಣೆಯೆಂದು ಅರಿಕೆ ಮಾಡಿ ವಿರಮಿಸುತ್ತೇವೆ.