ಖಲೀನ ಮತ್ತು ರಶ್ಮಿ: ಆಗಮಗಳಲ್ಲಿ ಕುದುರೆಯ ಕಡಿವಾಣ

ಉತ್ತರಾಧ್ಯಯನಸೂತ್ರದ 23ನೆಯ ಅಧ್ಯಯನದಲ್ಲಿ ಕೇಶಿಕುಮಾರ ಶ್ರಮಣನು ಗೌತಮ ಗಣಧರನಿಗೆ ಹಾಕುವ ಪ್ರಶ್ನೆಗಳಲ್ಲಿ ಒಂದು ದುಷ್ಟಾಶ್ವವನ್ನು ಕುರಿತದ್ದಾಗಿದೆ. ಹತೋಟಿಗೆ ಬಾರದೆ ಓಡುವ ಕುದುರೆಯನ್ನೇರಿದ್ದರೂ ಆತನು ಉನ್ಮಾರ್ಗಕ್ಕೆ ಹೋಗದಿರುವುದು ಹೇಗೆಂಬುದು ಕೇಶಿಯ ಶಂಕೆ. ಆ ಕುದುರೆ ಮನಸ್ಸೆಂದೂ ಶ್ರುತವೆಂಬ ರಶ್ಮಿಯಿಂದ ಅದು ಹಿಡಿತದಲ್ಲಿದೆಯೆಂದೂ ಗೌತಮನ ಸಮಾಧಾನ. ಈ ಪ್ರಸಂಗವು ಪಂಡಿತರಿಗೆಲ್ಲ ಸುಪರಿಚಿತವಾದುದೇ. ಆದರೆ ಗೌತಮನ ಕೈಯಲ್ಲಿರುವ ಸಲಕರಣೆ ಯಾವುದೆಂಬುದು ಗಮನಾರ್ಹವಾಗಿದೆ. ಅದು ‘ರಸ್ಸಿ’, ಎಂದರೆ ವಾಘೆ. ಕುದುರೆಯ ಬಾಯೊಳಗೆ ಕೂರುವ ‘ಖಲಿಣ’ವಲ್ಲ. ಒಂದು ಸವಾರನ ಕೈಯ ಕಡೆಯದು, ಇನ್ನೊಂದು ಪ್ರಾಣಿಯ ನೋವಿನ ಕಡೆಯದು. ಬಲಿಷ್ಠವಾದ ಕುದುರೆಗೆ ಬಿಗಿಯಾದ ಕಡಿವಾಣವೇ ಬೇಕೆ ಎಂಬ ಸವಾರರ ಹಳೆಯ ಚರ್ಚೆಗೆ ಆಗಮಗಳಲ್ಲಿ ದೊರೆಯುವ ಸಾಮಗ್ರಿಯನ್ನು ಈ ಭೇದದ ಬೆಳಕಿನಲ್ಲಿಯೇ ಪರಿಶೀಲಿಸತಕ್ಕದ್ದು.

ಅಮರಸಿಂಹನು ‘ಕವಿಕಾ’ ಮತ್ತು ‘ಖಲೀನ’ ಶಬ್ದಗಳನ್ನು ಪರ್ಯಾಯಗಳಾಗಿ ಹೇಳಿದ್ದಾನೆ. ಕನ್ನಡದ ‘ಕಡಿವಾಣ’ದಲ್ಲಿ, ತಮಿಳಿನ ‘ಕಡಿವಾಳಮ್’ ಎಂಬುದರಲ್ಲಿರುವಂತೆ, ಹಲ್ಲಿನಿಂದ ಕಡಿ ಎಂಬ ಧಾತುವು ಸ್ಪಷ್ಟವಾಗಿ ಕಾಣುತ್ತದೆ; ‘ಲಗಾಮು’ ಪಾರಸಿಯಿಂದ ಬಂದದ್ದು. ಖಲೀನವು ಮಾತ್ರ ಗ್ರೀಕರ ‘ಖಾಲಿನೋಸ್’ ಎಂಬುದರ ರೂಪಾಂತರವೆಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪಿದ್ದಾರೆ. ಇದರಲ್ಲೊಂದು ಸ್ವಾರಸ್ಯವುಂಟು. ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನ ಮಾತನ್ನು ಆಧರಿಸಿ ಸ್ಟ್ರಾಬೋ ಎಂಬ ಭೂಗೋಳಜ್ಞನು, ಭಾರತೀಯರು ಖಾಲಿನೋಸಿಗೆ ಬದಲಾಗಿ ಮೂತಿಪಟ್ಟಿಯನ್ನು ಬಳಸುತ್ತಾರೆಂದು ಬರೆದಿದ್ದಾನೆ. ಕ್ರಿ.ಶ. 2ನೆಯ ಶತಮಾನದ ಅರಿಯನ್ ‘ಇಂಡಿಕಾ’ದಲ್ಲಿ ಇದನ್ನು ಇನ್ನಷ್ಟು ವಿವರಿಸುತ್ತಾನೆ: ಹಸಿ ಎತ್ತಿನ ಚರ್ಮದ ಹೊಲಿದ ಪಟ್ಟಿಯೊಂದನ್ನು ಕುದುರೆಯ ಮೂತಿಯ ಸುತ್ತ ಕಟ್ಟುವರು, ಅದರಲ್ಲಿ ಒಳಮುಖವಾಗಿ ಕಬ್ಬಿಣದ ಇಲ್ಲವೆ ಹಿತ್ತಾಳೆಯ ಮೊಳೆಗಳು, ಶ್ರೀಮಂತರಲ್ಲಿ ದಂತದವು, ಬಾಯೊಳಗೆ ಕಬ್ಬಿಣದ ಸಲಾಕೆ, ಅದಕ್ಕೆ ವಾಘೆ. ವಾಘೆಯನ್ನು ಎಳೆದೊಡನೆ ಸಲಾಕೆಯೂ ಮೊಳೆಗಳೂ ಕೂಡಿ ಕುದುರೆಯನ್ನು ಮಣಿಸುತ್ತವೆ. ಭಾರತದಲ್ಲಿಲ್ಲವೆಂದು ಗ್ರೀಕರು ಹೇಳಿದ ವಸ್ತುವಿನ ಹೆಸರೇ ಮುಂದೆ ಸಂಸ್ಕೃತ ಪ್ರಾಕೃತಗಳೆರಡರಲ್ಲಿಯೂ ನೆಲೆಯೂರಿತು! ಖಲಿಣ ಶಬ್ದವಿರುವ ಆಗಮಭಾಗಗಳು ಯವನಸಂಪರ್ಕಕ್ಕೆ ಈಚಿನವೆಂದು ಇದರಿಂದ ಊಹಿಸಬಹುದಾದರೂ, ಒಂದು ಶಬ್ದದ ಬಲದಿಂದ ಕಾಲನಿರ್ಣಯಕ್ಕೆ ತೊಡಗುವುದು ಸಾಹಸವಾದೀತು. ವಾಚನಾಪರಂಪರೆಯಲ್ಲಿ ಹಳೆಯ ಶಬ್ದದ ಸ್ಥಾನವನ್ನು ಬಳಕೆಯ ಶಬ್ದವು ಆಕ್ರಮಿಸುವುದು ಅಪೂರ್ವವೇನಲ್ಲ.

ಜ್ಞಾತಾಧರ್ಮಕಥಾಂಗದ 17ನೆಯ ಅಧ್ಯಯನವು ‘ಆಇಣ್ಣ’, ಎಂದರೆ ಆಕೀರ್ಣ, ಜಾತ್ಯಶ್ವವೆಂಬ ಹೆಸರಿನದು. ಹಸ್ತಿಶೀರ್ಷ ನಗರದ ನೌಕಾವಣಿಜರು ದಿಕ್ಕುತಪ್ಪಿ ಕಾಲಿಕದ್ವೀಪವನ್ನು ಸೇರಿ ಅಲ್ಲಿಯ ಕುದುರೆಗಳನ್ನು ಕಾಣುತ್ತಾರೆ. ಕನಕಕೇತು ರಾಜನು ಅವುಗಳನ್ನು ತರಿಸುವುದಕ್ಕಾಗಿ ವೀಣೆ, ಬಣ್ಣದ ವಸ್ತುಗಳು, ಸುಗಂಧ, ಸಿಹಿ ಭಕ್ಷ್ಯ, ಮೃದುವಾದ ಹಾಸುಗಳನ್ನು ಹಡಗಿನಲ್ಲಿ ಕಳುಹಿಸುತ್ತಾನೆ. ಐದು ಇಂದ್ರಿಯಗಳ ವಿಷಯಗಳಿಗೆ ಮನಸೋಲದ ಕುದುರೆಗಳು ದೂರ ಹೊರಟುಹೋಗುತ್ತವೆ, ಸೋತವು ಸೆರೆಸಿಕ್ಕುತ್ತವೆ. ಅನಂತರ ಅಶ್ವಮರ್ದಕರು ಅವುಗಳನ್ನು ಪಳಗಿಸುವ ವರ್ಣನೆ ಬರುತ್ತದೆ. ಬಾಯಿ, ಕಿವಿ, ಮೂಗು, ಬಾಲ, ಗೊರಸುಗಳ ಕಟ್ಟುಗಳು, ಖಲಿಣದ ಕಟ್ಟು, ಬರೆ, ಬೆತ್ತ, ಚಾವಟಿ ಹೀಗೆ ಪಟ್ಟಿಯು ದೀರ್ಘವಾಗಿದೆ. ಇದನ್ನು ಕೇವಲ ಹಿಂಸೆಯ ಅತಿಶಯೋಕ್ತಿಯೆಂದು ಭಾವಿಸುವುದು ಸರಿಯಲ್ಲ. ಅರಿಯನನ ವರ್ಣನೆಯ ಪಕ್ಕದಲ್ಲಿಟ್ಟು ಓದಿದರೆ ಇದು ಲಾಯದ ಪರಿಭಾಷೆಯನ್ನು ಬಲ್ಲವರ ಮಾತೆಂದು ತೋರುತ್ತದೆ. ಇಲ್ಲಿ ಖಲಿಣವು ವಿಷಯಾಸಕ್ತಿಯ ಫಲವಾದ ಬಂಧನ.

ದಶವೈಕಾಲಿಕದ ಎರಡನೆಯ ಚೂಲಿಕೆಯಲ್ಲಾದರೋ ಇದೇ ಎರಡು ಶಬ್ದಗಳು, ಆಇಣ್ಣ ಮತ್ತು ಖಲಿಣ, ಬೇರೊಂದು ಅರ್ಥದಲ್ಲಿ ಕೂಡಿ ಬಂದಿವೆ. ಮನೋವಾಕ್ಕಾಯಗಳಲ್ಲಿ ಎಲ್ಲಿ ದುಷ್ಪ್ರಯೋಗವು ಕಂಡಿತೋ ಅಲ್ಲಿಯೇ ಧೀರನಾದ ಮುನಿಯು ಅದನ್ನು ಹಿಂದೆಗೆಯಬೇಕು, ಜಾತ್ಯಶ್ವವು ಕಡಿವಾಣಕ್ಕೆ ಒಡನೆಯೇ ಒಳಪಡುವಂತೆ ಎಂಬುದು ಅಲ್ಲಿಯ ಭಾವ. ವ್ಯಾಕರಣವನ್ನು ನೋಡಿದರೆ ಕುದುರೆಯು ಪ್ರಥಮಾವಿಭಕ್ತಿಯಲ್ಲಿಯೂ ಖಲಿಣವು ದ್ವಿತೀಯೆಯಲ್ಲಿಯೂ ಇವೆ. ಕರ್ತೃ ಕುದುರೆಯೇ; ಸವಾರನ ಸುದ್ದಿಯೇ ಇಲ್ಲ. ಉತ್ತರಾಧ್ಯಯನದಲ್ಲಿ ಮುನಿಯು ಸವಾರನಾದರೆ ಇಲ್ಲಿ ಆತನೇ ಕುದುರೆ. ಅದೇ ಲೋಹದ ತುಂಡು ಒಂದೆಡೆ ದಂಡ, ಇನ್ನೊಂದೆಡೆ ಸ್ವೀಕೃತವಾದ ಸಂಯಮ. ಉತ್ತರಾಧ್ಯಯನದ ಮೊದಲನೆಯ ಅಧ್ಯಯನದಲ್ಲಿ ಚಾವಟಿಯನ್ನು ಕಂಡಮಾತ್ರಕ್ಕೆ ತಿದ್ದಿಕೊಳ್ಳುವ ಜಾತ್ಯಶ್ವಕ್ಕೂ ಪದೇ ಪದೇ ಏಟನ್ನು ಬಯಸುವ ಮೊಂಡು ಕುದುರೆಗೂ ಹೇಳಿರುವ ಭೇದವು ಇದಕ್ಕೆ ಪೂರಕವಾಗಿದೆ.

ಬಲವಂತವಾಗಿ ಎಳೆದರೆ ಆಗುವುದೇನೆಂಬುದಕ್ಕೆ ಕಥಾಸಾಹಿತ್ಯವು ಸಾಕ್ಷ್ಯವನ್ನು ಒದಗಿಸುತ್ತದೆ. ಉತ್ತರಾಧ್ಯಯನಕ್ಕೆ ದೇವೇಂದ್ರಗಣಿಯು 1073ರಲ್ಲಿ ಮುಗಿಸಿದ ‘ಸುಖಬೋಧಾ’ ಟೀಕೆಯಲ್ಲಿ ಪ್ರತ್ಯೇಕಬುದ್ಧನಾದ ನಗ್ಗಇಯ ಕಥೆಯಿದೆ. ಇದನ್ನು ಯಾಕೋಬಿ 1886ರಲ್ಲಿ ಪ್ರಕಟಿಸಿದನು. ಗಾಂಧಾರದ ರಾಜ ಸಿಂಹರಥನಿಗೆ ಉತ್ತರಾಪಥದಿಂದ ಕುದುರೆಗಳು ಕಾಣಿಕೆಯಾಗಿ ಬರುತ್ತವೆ. ಅವುಗಳಲ್ಲೊಂದು ವಿಪರೀತಶಿಕ್ಷಿತವಾದದ್ದು. ರಾಜನು ವಾಘೆಯನ್ನು ಎಳೆದಷ್ಟೂ ಅದು ವೇಗವನ್ನು ಹೆಚ್ಚಿಸಿ ಹಲವು ಯೋಜನಗಳಾಚೆಯ ಅಡವಿಗೆ ಒಯ್ಯುತ್ತದೆ. ಬೇಸತ್ತು ವಾಘೆಯನ್ನು ಬಿಟ್ಟೊಡನೆ ನಿಲ್ಲುತ್ತದೆ. ರಾಜನಿಗೆ ಆಗ ಅದರ ಶಿಕ್ಷಣದ ರೀತಿ ತಿಳಿಯುತ್ತದೆ. ಇದು ಕಥೆಗಾರನ ಚಮತ್ಕಾರವಷ್ಟೇ ಅಲ್ಲ. ಮುಂಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವಣ ಬರಿಯ ಒಸಡಿನ ಮೇಲೆ ಲೋಹವು ಒತ್ತಿದಾಗ ಕುದುರೆಯು ನೋವಿನಿಂದ ತಪ್ಪಿಸಿಕೊಳ್ಳಲು ಮುಂದಕ್ಕೇ ಓಡುವುದುಂಟು. ಸವಾರನು ಇನ್ನೂ ಬಿಗಿಯುತ್ತಾನೆ, ಅದು ಇನ್ನೂ ಓಡುತ್ತದೆ.

ಕ್ರಿ.ಪೂ. 4ನೆಯ ಶತಮಾನದ ಗ್ರೀಕ ಕ್ಸೆನೊಫೋನನು ಸವಾರನ ಬಳಿ ಕನಿಷ್ಠ ಎರಡು ಕಡಿವಾಣಗಳಿರಬೇಕೆಂದು, ಒಂದು ನಯವಾದದ್ದು ಒಂದು ಒರಟಾದದ್ದು ಎಂದು, ಹೇಳಿರುವುದು ಈ ಕಷ್ಟವನ್ನು ಅರಿತೇ. ಒರಟಾದದ್ದನ್ನು ಕಚ್ಚಿಹಿಡಿಯಲಾರದೆ ಬಿಟ್ಟುಕೊಡುವುದನ್ನು ಕಲಿತ ಕುದುರೆಯು ನಯವಾದದ್ದರಲ್ಲಿಯೂ ಹಾಗೆಯೇ ನಡೆಯುವುದೆಂಬುದು ಆತನ ನಿರೀಕ್ಷೆ. ಯೂರೋಪಿನಲ್ಲಿ ಮುಂದೆ ಇವೆರಡನ್ನೂ ಒಂದೇ ಬಾಯಲ್ಲಿ ಕೂಡಿಸಿ ಎರಡು ಜೊತೆ ವಾಘೆಗಳನ್ನು ಕಟ್ಟುವ ಪದ್ಧತಿಯು ಬೆಳೆಯಿತು. ಮೇಲಿನ ವಾಘೆ ಸಾಧಾರಣ ಕಡಿವಾಣದ್ದು, ಕುದುರೆಯ ತಲೆಯನ್ನು ಎತ್ತುತ್ತದೆ. ಕೆಳಗಿನದು ಸನ್ನೆಕೋಲಿನಂತಹ ಉದ್ದ ತೋಳುಗಳುಳ್ಳದ್ದು. ಎಳೆದಾಗ ಗಲ್ಲದ ಕೆಳಗಿನ ಸರಪಳಿ ಬಿಗಿದು ಒಸಡಿನ ಮೇಲೂ ನೆತ್ತಿಯ ಹಿಂದೆಯೂ ಒತ್ತಡವು ಹಲವು ಪಾಲು ಹೆಚ್ಚುತ್ತದೆ. ಬಲ್ಲ ಸವಾರನು ಮೇಲಿನದರಲ್ಲಿಯೇ ನಡೆಸಿ ಕೆಳಗಿನದನ್ನು ಸಡಿಲವಾಗಿ ಬಿಟ್ಟಿರುತ್ತಾನೆ. ಬಲ್ಲದವನ ಕೈಯಲ್ಲಿ ಅದು ಅರಿಯನನ ಮೊಳೆಪಟ್ಟಿಗಿಂತ ಸೌಮ್ಯವೇನೂ ಅಲ್ಲ.

ಕುದುರೆಯನ್ನೇರುವ ಶ್ರಾವಕನಿಗೆ ಇದು ಬರಿಯ ಉಪಮಾನದ ಪ್ರಶ್ನೆಯಲ್ಲ. ಮೇಲಿನ ಆಗಮಪಾಠಗಳು ಶ್ವೇತಾಂಬರ ಪರಂಪರೆಯವಾದರೂ ತತ್ತ್ವಾರ್ಥಸೂತ್ರವು ಉಭಯಸಮ್ಮತವಾದುದು. ಅದರ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು. ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳು ಅನಂತರದವು. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು ಚಾವಟಿ ಬೆತ್ತಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಹೇಮಚಂದ್ರನು (1089–1172) ಯೋಗಶಾಸ್ತ್ರದ ಸ್ವೋಪಜ್ಞವೃತ್ತಿಯಲ್ಲಿ ಸಕಾರಣವಾದ ಬಂಧವನ್ನೂ ಸಾಪೇಕ್ಷ, ನಿರಪೇಕ್ಷವೆಂದು ಎರಡಾಗಿ ವಿಭಜಿಸುತ್ತಾನೆ. ಬೆಂಕಿ ಬಿದ್ದಾಗ ಬಿಚ್ಚಲು ಅಥವಾ ಕತ್ತರಿಸಲು ಬರುವಂತೆ ಸಡಿಲಗಂಟಿನಿಂದ ಕಟ್ಟಿದ್ದು ಸಾಪೇಕ್ಷ. ಅಲುಗಾಡದಂತೆ ಬಿಗಿದದ್ದು ನಿರಪೇಕ್ಷ. ದನದ ಹಗ್ಗಕ್ಕೆ ಹೇಳಿದ ಈ ಲಕ್ಷಣವು ವಾಘೆಗೂ ಚೆನ್ನಾಗಿ ಅನ್ವಯಿಸುತ್ತದೆ. ಕುದುರೆಯು ಒಪ್ಪಿದ ಕ್ಷಣದಲ್ಲಿ ಸಡಿಲವಾಗುವುದೋ ಇಲ್ಲವೋ ಎಂಬುದೇ ಇಲ್ಲಿಯ ಒರೆಗಲ್ಲು. ಲೋಹದ ಆಕಾರವು ಎರಡನೆಯ ಮಾತು. ಆದರೆ ಮುಳ್ಳಿನ ಕಡಿವಾಣಕ್ಕೆ ಈ ವಿನಾಯಿತಿಯೂ ಸಲ್ಲದು, ಅದು ಸಡಿಲವಾಗಿದ್ದಾಗಲೂ ಚುಚ್ಚುತ್ತದೆ. ಭಾರತದಲ್ಲಿ 1965ರ ಪ್ರಾಣಿಹಿಂಸಾನಿವಾರಣ ನಿಯಮಗಳು ಎಳೆಯುವ, ಹೊರುವ ಪ್ರಾಣಿಗಳಿಗೆ ಮುಳ್ಳಿನ ಕಡಿವಾಣವನ್ನು ನಿಷೇಧಿಸಿದವು.

ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’, ಸುಮಾರು 1400ರ ಅಭಿನವಚಂದ್ರನ ‘ಅಶ್ವವೈದ್ಯ’ ಜೈನರಿಂದಲೇ ರಚಿತವಾದ ಪಶುಶಾಸ್ತ್ರಗ್ರಂಥಗಳು. ಬಾಯಿಯ ಹುಣ್ಣು, ಒಸಡಿನ ಗಾಯಗಳ ಚಿಕಿತ್ಸೆಯನ್ನು ಹೇಳುವ ಇಂತಹ ಗ್ರಂಥಗಳ ಓಲೆಪ್ರತಿಗಳಲ್ಲಿ ಕಡಿವಾಣದ ಪರಿಭಾಷೆಯೇನಾದರೂ ಬಂದಿದ್ದಲ್ಲಿ, ಜ್ಞಾತಾಧರ್ಮಕಥಾಂಗದ ಪಟ್ಟಿಯೊಡನೆ ಅದನ್ನು ಪದಶಃ ಹೋಲಿಸಿ ನೋಡುವುದು ಅಪೇಕ್ಷಣೀಯವಾಗಿದೆ.