ಎರಡು ಕುದುರೆಗಳೂ ಒಂಟಿ ರಾಜನೂ

ಚದುರಂಗದ ಮಣೆಯ ಮೇಲೆ ಒಂದು ಪಕ್ಷದಲ್ಲಿ ರಾಜನೂ ಎರಡು ಕುದುರೆಗಳೂ, ಎದುರು ಪಕ್ಷದಲ್ಲಿ ರಾಜನೊಬ್ಬನೇ ಉಳಿದರೆ ಗೆಲುವು ಯಾರದು? ಬಲವನ್ನು ಎಣಿಸಿ ನೋಡುವವರು ಕುದುರೆಗಳುಳ್ಳವನದೆಂದೇ ಹೇಳಿಯಾರು. ಒಂದೇ ಆನೆಯಿಂದ ಒಂಟಿ ರಾಜನನ್ನು ಕಟ್ಟಬಹುದು. ಒಂದು ಒಂಟೆ ಮತ್ತು ಒಂದು ಕುದುರೆಯಿಂದಲೂ ಶ್ರಮಪಟ್ಟು ಕಟ್ಟಬಹುದು. ಎರಡು ಕುದುರೆಗಳಿಂದ ಮಾತ್ರ, ಎದುರಾಳಿ ತಪ್ಪದೆ ಆಡಿದಲ್ಲಿ, ಅದು ಸಾಧ್ಯವಿಲ್ಲ.

ಕಾರಣ ಸರಳವಾದುದು. ಮೂಲೆಯ ಪಕ್ಕದ ಮನೆಯಲ್ಲಿರುವ ರಾಜನಿಗೆ ಒಂದು ಕುದುರೆ ಶಹ ಕೊಟ್ಟಿತೆನ್ನೋಣ. ಅವನು ಮೂಲೆಗೆ ಸರಿದರೆ ಇನ್ನೊಂದು ಕುದುರೆ ಬಂದು ಮಾತು ಮಾಡುತ್ತದೆ. ಇತ್ತ ಸರಿದರೆ ಪಾರಾಗುತ್ತಾನೆ. ಅವನನ್ನು ಮೂಲೆಯಲ್ಲಿ ಅಲುಗದಂತೆ ಮೊದಲೇ ಕಟ್ಟಿದರೋ, ಶಹವಿಲ್ಲದೆಯೇ ಅವನಿಗೆ ನಡೆ ಇಲ್ಲವಾಗಿ ಆಟ ಸಮವಾಗುತ್ತದೆ. ಕೊನೆಯ ಏಟಿಗೆ ಒಂದು ನಡೆಯ ಬಿಡುವು ಬೇಕು. ಒಂಟಿ ರಾಜ ಆ ಬಿಡುವನ್ನು ಕೊಡಲಾರ.

ಆದರೆ ಅವನ ಬಳಿ ಒಂದು ಕಾಲಾಳು ಇದ್ದರೆ? ಆಗ ಆಶ್ಚರ್ಯವೊಂದು ನಡೆಯುತ್ತದೆ. ರಾಜನಿಗೆ ನಡೆಯಿಲ್ಲದಿದ್ದರೂ ಕಾಲಾಳಿಗೆ ನಡೆಯುಂಟು. ಆದುದರಿಂದ ಆಟ ಸಮವಾಗುವುದಿಲ್ಲ. ಒಂದು ಕುದುರೆ ಕಾಲಾಳನ್ನು ಅಡ್ಡಗಟ್ಟಿ ನಿಂತಿರುವಾಗ, ರಾಜನೂ ಇನ್ನೊಂದು ಕುದುರೆಯೂ ಕೂಡಿ ಎದುರು ರಾಜನನ್ನು ಮೂಲೆಗೆ ಅಟ್ಟುತ್ತವೆ. ಬಳಿಕ ಅಡ್ಡನಿಂತ ಕುದುರೆ ಕಾಲಾಳನ್ನು ಬಿಟ್ಟು ಓಡಿಬರುತ್ತದೆ. ಕಾಲಾಳು ಮುನ್ನಡೆಯುತ್ತಿರುವಷ್ಟರಲ್ಲಿಯೇ ಮಾತು! ರಕ್ಷಕನೇ ರಾಜನ ನಾಶಕ್ಕೆ ಕಾರಣನಾಗುತ್ತಾನೆ.

1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಸ್ ಎಂಬವರು ಇಂತಹ ಕೆಲವು ಸ್ಥಿತಿಗಳನ್ನು ಪ್ರಕಟಿಸಿದ್ದರು. ಆದರೆ ವಿಷಯವನ್ನು ಆಮೂಲಾಗ್ರವಾಗಿ ಶೋಧಿಸಿದವನು ರಷ್ಯದ ಅಲೆಕ್ಸಿ ಟ್ರೊಯಿಟ್ಸ್ಕಿ (1866–1942). ವೃತ್ತಿಯಿಂದ ಅರಣ್ಯಾಧಿಕಾರಿಯಾದ ಈತ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದ ಈ ಸಮಸ್ಯೆಗೆ ಮನಸ್ಸು ಕೊಟ್ಟನು. ಕುದುರೆಯು ಭದ್ರವಾಗಿ ತಡೆದ ಕಾಲಾಳು ಎಲ್ಲಿಯವರೆಗೆ ಬಂದಿದ್ದರೆ ಗೆಲುವು ನಿಶ್ಚಿತವೆಂಬುದಕ್ಕೆ ಒಂದು ಗಡಿಯನ್ನೇ ಗೆರೆಯೆಳೆದನು. ಕಾಲಾಳಿನ ಕಡೆಯ ಅಂಚಿನಿಂದ ಎಣಿಸಿದರೆ, ಮಣೆಯ ಎರಡು ಬದಿಯ ಕಂಬಸಾಲುಗಳಲ್ಲಿ ಅದು 5ನೆಯ ಮನೆ; ಅವುಗಳ ಪಕ್ಕದಲ್ಲಿ 3ನೆಯದು; ಅವಕ್ಕೂ ಒಳಗೆ 4ನೆಯದು; ನಡುವಿನ ಎರಡರಲ್ಲಿ 5ನೆಯದು. ಆ ಗಡಿಗೆ ಇಂದಿಗೂ ಅವನ ಹೆಸರೇ ಇದೆ. ಈ ಶೋಧನೆಯು 1937ರಲ್ಲಿ ಅವನ ಇಂಗ್ಲಿಷ್ ಗ್ರಂಥದಲ್ಲಿ ಅಚ್ಚಾಯಿತು.

ಐದು ವರ್ಷಗಳ ತರುವಾಯ, ಶತ್ರುಸೈನ್ಯದ ಮುತ್ತಿಗೆಗೆ ಸಿಕ್ಕಿದ ಲೆನಿನ್‌ಗ್ರಾಡ್ ನಗರದಲ್ಲಿ, ಟ್ರೊಯಿಟ್ಸ್ಕಿ ಹಸಿವಿನಿಂದ ಸತ್ತನು. ಅವನ ಟಿಪ್ಪಣಿಗಳೂ ಅಲ್ಲಿಯೇ ನಾಶವಾದುವು.

ಮುಂದೆ ಗಣಕಯಂತ್ರಗಳು ಈ ಅಂತ್ಯಾಟದ ಸ್ಥಿತಿಗಳೆಲ್ಲವನ್ನೂ ಒಂದೂ ಬಿಡದೆ ಪರೀಕ್ಷಿಸಿದುವು. ಕೆಲವು ಗೆಲುವುಗಳಿಗೆ 115 ನಡೆಗಳು ಬೇಕೆಂದು ತಿಳಿದುಬಂದಿತು. ಹೊಡೆತವಾಗಲಿ ಕಾಲಾಳಿನ ನಡೆಯಾಗಲಿ ಇಲ್ಲದೆ 50 ನಡೆಗಳು ಕಳೆದರೆ ಆಟ ಸಮವೆಂದು ಕೇಳುವ ಹಕ್ಕಿರುವುದರಿಂದ, ಪಂದ್ಯಗಳಲ್ಲಿ ಎಲ್ಲ ಗೆಲುವುಗಳೂ ಕೈಗೂಡವು. ಆದರೂ ಕಾಗದವನ್ನೂ ಮಣೆಯನ್ನೂ ಮಾತ್ರ ನಂಬಿ ದುಡಿದ ಆ ಅರಣ್ಯಾಧಿಕಾರಿಯ ನಿರ್ಣಯಗಳು ಬಹುಮಟ್ಟಿಗೆ ಸರಿಯೆಂದೇ ಯಂತ್ರವೂ ಸಾರಿತು. "ಆಗದು" ಎಂದು ಎಲ್ಲರೂ ಕೈಬಿಟ್ಟ ಲೆಕ್ಕದಲ್ಲಿ "ಯಾವಾಗ ಆಗುತ್ತದೆ?" ಎಂದು ಕೇಳಿದವನಿಗೆ ದೊರೆತ ಉತ್ತರವಿದು. ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು ಆ ಪ್ರಶ್ನೆಯನ್ನು.